ತೇಗದ ಕತ್ತು, ಬೀಟೆಯ ಪಟ್ಟಿ: ಒಂದು ಬೇಸ್ ಗಿಟಾರ್ ಕಟ್ಟಿದ ಬಗೆ

ತಗ್ಗಿನ ಸ್ವರಗಳನ್ನು ನುಡಿಸುವ ಬೇಸ್ ಗಿಟಾರಿನ ನಾಲ್ಕು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವುಗಳ ಒಟ್ಟು ಎಳೆತ ಸುಮಾರು 75ರಿಂದ 85 ಕಿಲೋಗ್ರಾಂಗಳಷ್ಟಾಗುತ್ತದೆ. ದೊಡ್ಡಾಳೊಬ್ಬನ ತೂಕಕ್ಕೆ ಸಮನಾದ ಈ ಬಲವು, ವಾದ್ಯವನ್ನು ಯಾರೂ ಮುಟ್ಟದೆ ಗೋಡೆಗೆ ಒರಗಿಸಿಟ್ಟಿದ್ದಾಗಲೂ, ಎರಡು ಬೆರಳಿನಷ್ಟೂ ದಪ್ಪವಿಲ್ಲದ ಮರದ ಕತ್ತನ್ನು ಮುಂದಕ್ಕೆ ಬಾಗಿಸಲು ಹಗಲಿರುಳೂ ಯತ್ನಿಸುತ್ತಿರುತ್ತದೆ. ಬೇಸ್ ಗಿಟಾರನ್ನು ಕೈಯಿಂದ ಮಾಡಲು ಹೊರಟವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಇದನ್ನು. ನಾನು ವಾದ್ಯ ಮಾಡುತ್ತಿದ್ದೇನೆ ಎಂದು ತಿಳಿದವರೆಲ್ಲ ಒಡಲಿಗೆ ಯಾವ ಮರ, ಯಾವ ಬಣ್ಣ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಯಾವ ಕಂಪನಿಯದು ಎಂದು ಕೇಳುತ್ತಾರೆ. ಕತ್ತಿನ ವಿಚಾರವನ್ನು ಕೇಳುವವರು ಅಪರೂಪ. ಆದರೆ ವಾದ್ಯ ಶ್ರುತಿಯಲ್ಲಿ ನಿಲ್ಲುವುದು, ನುಡಿ ಎಷ್ಟು ಹೊತ್ತು ಉಳಿಯುವುದು, ಎಡಗೈ ದಣಿಯದೆ ಒಂದು ಕಛೇರಿಯನ್ನು ಮುಗಿಸುವುದು, ಇವೆಲ್ಲ ಕತ್ತಿನ ಮೇಲೆ ನಿಂತಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಈ ಬರಹದಲ್ಲಿ ಕತ್ತಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಅಂಥ ಕತ್ತಿಗೆ ಬೇಕಾದ ಮರ ನಮ್ಮ ನಾಡಿನಲ್ಲೇ ಇದೆ ಎಂಬುದನ್ನೂ ಹೇಳಬೇಕಾಗಿದೆ.

ಈ ವಾದ್ಯದ ವಯಸ್ಸು ಹೆಚ್ಚೇನಿಲ್ಲ. 1930ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್ಮಾರ್ಕ್ ಎಂಬವರು, ಪಿಟೀಲಿನ ಬಂಧುವಾದ ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುವ ಕಷ್ಟಕ್ಕೆ ಪರಿಹಾರವಾಗಿ, ಗಟ್ಟಿ ಮರದ ಒಡಲೂ ಫ್ರೆಟ್ ಎಂದು ಕರೆಯುವ ಮೆಟ್ಟಿಲುಗಳೂ ಇರುವ ವಿದ್ಯುತ್ ಬೇಸೊಂದನ್ನು ಮಾಡಿ ಮಾರಿದ್ದರು. ಅದು ಹೆಚ್ಚು ಜನರನ್ನು ತಲುಪಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್ ಈ ವಾದ್ಯಕ್ಕೆ ಸ್ಥಿರವಾದ ರೂಪ ಕೊಟ್ಟಿತು. ಬೆರಳು ತುಸು ಆಚೀಚೆಯಾದರೂ ಸ್ವರ ತಪ್ಪದಂತೆ ಲೋಹದ ಮೆಟ್ಟಿಲುಗಳು, ತಂತಿಗಳು ತಲೆಯ ಬಳಿ ಒರಗುವ ನಟ್ಟಿನಿಂದ ಒಡಲಿನ ಮೇಲೆ ಒರಗುವ ಬ್ರಿಜ್‌ವರೆಗೆ 34 ಇಂಚಿನ ತಂತಿಯ ಉದ್ದ, 20 ಫ್ರೆಟ್, ಒಡಲಿಗೆ ನಾಲ್ಕು ಸ್ಕ್ರೂಗಳಿಂದ ಬಿಗಿದ ಬಿಡಿ ಕತ್ತು. ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರವೂ ಹೆಚ್ಚಿನ ಬೇಸ್‌ಗಳು ಇದೇ ಅಳತೆಯನ್ನು ಪಾಲಿಸುತ್ತವೆ. ನಾನೂ ಇದನ್ನೇ ಪಾಲಿಸಿದೆ. ಕತ್ತನ್ನು ಬೇರೆಯಾಗಿ ಮಾಡಿ, ಒಡಲನ್ನು ಬೇರೆಯಾಗಿ ಮಾಡಿ, ಕೊನೆಗೆ ಎರಡನ್ನೂ ಸೇರಿಸುವ ಈ ಕ್ರಮವು ಮನೆಯಲ್ಲಿ ಕೆಲಸ ಮಾಡುವವನಿಗೆ ದೊಡ್ಡ ಅನುಕೂಲ. ಕತ್ತು ಕೆಟ್ಟರೆ ಒಡಲು ಉಳಿಯುತ್ತದೆ, ಒಡಲು ಕೆಟ್ಟರೆ ಕತ್ತು ಉಳಿಯುತ್ತದೆ.

ಫೆಂಡರ್ ಬಳಸಿದ್ದು ಅವರ ಸುತ್ತ ಸಿಗುತ್ತಿದ್ದ ಮರಗಳನ್ನು: ಒಡಲಿಗೆ ಆ್ಯಶ್, ಮುಂದೆ ಆಲ್ಡರ್, ಕತ್ತಿಗೆ ಮೇಪಲ್. ಇವು ನಮ್ಮ ಕರ್ನಾಟಕದ ಮರಗಳಲ್ಲ. ಆಮದು ಮಾಡಿಕೊಂಡ ಹಲಗೆಗಳು ಬೆಂಗಳೂರಿನಲ್ಲಿ ಸಿಗುತ್ತವಾದರೂ, ಅವುಗಳ ಹಿಂದೆ ಬೀಳಬೇಕಾದ ಅಗತ್ಯ ನನಗೆ ಕಾಣಲಿಲ್ಲ. ಕತ್ತಿಗೆ ಬೇಕಾದ ಗುಣಗಳು ಎರಡು. ಎಳೆತಕ್ಕೆ ಬಾಗದ ಬಿಗುವು ಒಂದು, ಹವೆಯ ತೇವಕ್ಕೆ ಹಿಗ್ಗದ ಕುಗ್ಗದ ಸ್ಥಿರತೆ ಇನ್ನೊಂದು. ಬಿಗುವಿನಲ್ಲಿ ತೇಗವು ಗಟ್ಟಿ ಮೇಪಲ್‌ಗೆ ಹೆಚ್ಚುಕಡಿಮೆ ಸಮನಾಗಿದೆ. ಎರಡರ ಸ್ಥಿತಿಸ್ಥಾಪಕತೆಯ ಅಂಕವೂ 12 ಗಿಗಾಪಾಸ್ಕಲ್‌ನ ಆಸುಪಾಸಿನಲ್ಲಿದೆ. ಸ್ಥಿರತೆಯಲ್ಲಿ ತೇಗವೇ ಮುಂದು. ಹಸಿ ಮರ ಪೂರ್ತಿ ಒಣಗುವವರೆಗೆ ಮೇಪಲ್ ತನ್ನ ಉಂಗುರಗಳ ಗುಂಟ ಶೇಕಡಾ 10ರ ಹತ್ತಿರ ಕುಗ್ಗುತ್ತದೆ, ತೇಗ ಸುಮಾರು ಶೇಕಡಾ 5ರಷ್ಟು ಮಾತ್ರ. ಮೇ ತಿಂಗಳ ಒಣ ಬಿಸಿಲಿನಿಂದ ಜುಲೈ ತಿಂಗಳ ಜಡಿಮಳೆಗೆ ಹಾಯಬೇಕಾದ ವಾದ್ಯಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ.

ನನ್ನ ತೇಗ ಬಂದದ್ದು ಕೆಡವಿದ ಹಳೆಯ ಮನೆಯೊಂದರ ಜಂತೆಯಿಂದ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡುಗಳಲ್ಲಿಯೂ ಮಲೆನಾಡಿನ ಊರುಗಳಲ್ಲಿಯೂ ಇಂಥ ಹಳೆಯ ತೊಲೆ, ಜಂತೆ, ಬಾಗಿಲುವಾಡಗಳನ್ನು ಮಾರುತ್ತಾರೆ. ಹಲವು ದಶಕಗಳ ಕಾಲ ಸೂರಿನ ಕೆಳಗೆ ಕುಳಿತ ಮರ ಸೆಟೆಯುವಷ್ಟನ್ನೂ ಸೆಟೆದು, ಸೀಳುವಷ್ಟನ್ನೂ ಸೀಳಿ ಮುಗಿಸಿರುತ್ತದೆ, ಉಳಿದದ್ದನ್ನು ನಂಬಬಹುದು. ಕೊಳ್ಳುವಾಗ ಮರದ ತುದಿಯನ್ನು ನೋಡಬೇಕು. ಅಲ್ಲಿ ಕಾಣುವ ಉಂಗುರದ ಗೆರೆಗಳು ಹಲಗೆಯ ಮುಖಕ್ಕೆ ನೇರವಾಗಿ ನಿಂತಿದ್ದರೆ ಆ ತುಂಡು ಕತ್ತಿಗೆ ಯೋಗ್ಯ, ಮಲಗಿದ್ದರೆ ಬೇರೆ ಕೆಲಸಕ್ಕೆ ಯೋಗ್ಯ. ಪಕ್ಕದ ಮುಖದಲ್ಲಿ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೊರಗೆ ಹರಿದುಹೋಗದೆ ಸಾಗಬೇಕು. ಬಿಳಿಯ ಭಾಗವನ್ನು ಬಿಟ್ಟು ಚೇಗನ್ನೇ ತೆಗೆದುಕೊಳ್ಳಬೇಕು. ಸಾಮಿಲ್ಲಿಗೆ ಕೊಡುವ ಮೊದಲು ಹಳೆಯ ಮೊಳೆಗಳಿಗಾಗಿ ಬಲವಾದ ಅಯಸ್ಕಾಂತವೊಂದನ್ನು ಮರದ ಉದ್ದಕ್ಕೂ ಆಡಿಸಿ ನೋಡುವುದು ಒಳ್ಳೆಯದು. ತೇಗದೊಳಗೆ ಮರಳಿನಂಥ ಸಿಲಿಕಾ ಇರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ, ಸಾಣೆಕಲ್ಲು ಪಕ್ಕದಲ್ಲೇ ಇರಬೇಕು. ಅದರ ಎಣ್ಣೆಯ ಅಂಶ ಅಂಟನ್ನು ಹಿಡಿಯಗೊಡುವುದಿಲ್ಲ. ಹೊಸದಾಗಿ ಹತ್ತರಿ ಹೊಡೆದ ಮುಖವನ್ನು ಅಸಿಟೋನಿನಿಂದ ಒರೆಸಿ, ಅದು ಆರಿದ ಕೂಡಲೇ ಅಂಟು ಹಚ್ಚಿ ಬಿಗಿದರೆ ಬೆಸುಗೆ ಕಚ್ಚಿಕೊಳ್ಳುತ್ತದೆ.

ಕತ್ತನ್ನು ಒಂದೇ ತುಂಡಿನಿಂದ ಮಾಡದೆ ಮೂರು ತೇಗದ ಪಟ್ಟಿಗಳ ನಡುವೆ ಎರಡು ತೆಳುವಾದ ಬೀಟೆಯ ಪಟ್ಟಿಗಳನ್ನು ಸೇರಿಸಿ ಅಂಟಿಸಿದೆ. ಅಕ್ಕಪಕ್ಕದ ಪಟ್ಟಿಗಳ ಎಳೆಗಳು ಎದುರುಬದುರು ದಿಕ್ಕಿಗೆ ವಾಲುವಂತೆ ಜೋಡಿಸಿದರೆ, ಒಂದು ತಿರುಚಲು ಹೊರಟಾಗ ಇನ್ನೊಂದು ಅದನ್ನು ತಡೆಯುತ್ತದೆ. ಅಂಟಿಸಿದ ದಿಮ್ಮಿಯನ್ನು ಕೂಡಲೇ ಕೆತ್ತಲು ತೊಡಗದೆ ಕೆಲವು ವಾರ ಗಾಳಿಯಾಡುವ ಕಡೆ ನಿಲ್ಲಿಸಿ, ಅಂಟಿನ ತೇವ ಪೂರ್ತಿ ಹೋದ ಮೇಲೆ ಮತ್ತೆ ಮಟ್ಟ ಹೊಡೆಯಬೇಕು. ಕೈಕೆಲಸದಲ್ಲಿ ನನಗೆ ಬಹಳ ಪ್ರಿಯವಾದ ಭಾಗ ಈ ಕಾಯುವಿಕೆಯೇ. ಪ್ರತಿ ದಿನ ಸ್ಟೀಲ್ ಪಟ್ಟಿಯನ್ನು ಮರದ ಮೇಲಿಟ್ಟು ಅದರ ಕೆಳಗೆ ಬೆಳಕು ನುಸುಳುತ್ತದೆಯೇ ಎಂದು ನೋಡುವಾಗ ಆ ಮರದ ಸ್ವಭಾವ ನಿಧಾನವಾಗಿ ತಿಳಿಯುತ್ತಾ ಬರುತ್ತದೆ.

ಬೀಟೆಯ ವಿಚಾರವನ್ನು ಇಲ್ಲೇ ಹೇಳಿಬಿಡುತ್ತೇನೆ. ಜಗತ್ತಿನ ಅಸಂಖ್ಯಾತ ಗಿಟಾರುಗಳ ಬೆರಳುಪಟ್ಟಿ, ಅಂದರೆ ಕತ್ತಿನ ಮೇಲೆ ಫ್ರೆಟ್ಟುಗಳು ಕೂರುವ ಪಟ್ಟಿ, ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಈ ಮರದ್ದೇ. ಅಮೆರಿಕದ, ಜಪಾನಿನ ಕಾರ್ಖಾನೆಗಳು ಇದನ್ನು ಭಾರತದಿಂದ ತರಿಸಿಕೊಂಡು, ವಾದ್ಯವಾದ ಮೇಲೆ ಮತ್ತೆ ನಮಗೇ ಮಾರುತ್ತವೆ. ಬೀಟೆಯ ಇಡೀ ಕುಲವನ್ನು ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೆಯ ಅನುಬಂಧಕ್ಕೆ ಸೇರಿಸಿದ ತೀರ್ಮಾನ 2017ರ ಜನವರಿಯಲ್ಲಿ ಜಾರಿಗೆ ಬಂದಾಗ, ಗಡಿ ದಾಟುವ ಗಿಟಾರುಗಳಿಗೂ ಪರವಾನಗಿ ಬೇಕಾಯಿತು. 2019ರಲ್ಲಿ ಜಿನೀವಾದಲ್ಲಿ ನಡೆದ ಸಭೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಕೊಟ್ಟಿತು. ಕರ್ನಾಟಕದಲ್ಲಿ ಬೀಟೆಯನ್ನು ಕಡಿಯಲಿಕ್ಕೂ ಸಾಗಿಸಲಿಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಪರವಾನಗಿ ಇರುವ ಡಿಪೋದಿಂದ ರಸೀದಿ ಸಮೇತ ಕೊಳ್ಳುವುದು, ಇಲ್ಲವೇ ಹಳೆಯ ಪೀಠೋಪಕರಣದಿಂದ ಬಿಡಿಸಿಕೊಳ್ಳುವುದು, ಈ ಎರಡೇ ದಾರಿ. ಬೆರಳುಪಟ್ಟಿಗೆ ಬೇಕಾಗುವುದು 7 ಸೆಂಟಿಮೀಟರ್ ಅಗಲದ, 7 ಮಿ.ಮೀ. ದಪ್ಪದ ಒಂದು ಪಟ್ಟಿ ಮಾತ್ರ. ಹಳೆಯ ಮಂಚದ ಒಂದು ಅಡ್ಡಹಲಗೆಯಲ್ಲಿ ಎರಡು ಮೂರು ವಾದ್ಯಗಳಿಗೆ ಸಾಕಾಗುವಷ್ಟು ಬೀಟೆ ಸಿಗುತ್ತದೆ. ಈ ಮರದ ಪುಡಿ ಕೆಲವರಿಗೆ ಚರ್ಮದ ತುರಿಕೆಯನ್ನೂ ಉಸಿರಾಟದ ತೊಂದರೆಯನ್ನೂ ತರುತ್ತದೆ, ಆದ್ದರಿಂದ ಮುಖಗವಸಿಲ್ಲದೆ ಬೀಟೆಯನ್ನು ಉಜ್ಜಬಾರದು.

ಕತ್ತಿನ ಒಳಗೆ ಒಂದು ಉಕ್ಕಿನ ಸರಳು ಮಲಗಿರುತ್ತದೆ. ಟ್ರಸ್ ರಾಡ್ ಎಂದು ಕರೆಯುವ ಇದಕ್ಕೆ 1920ರ ದಶಕದ ಆರಂಭದಲ್ಲಿ ಅಮೆರಿಕದ ಗಿಟಾರ್ ತಯಾರಕರಾದ ಗಿಬ್ಸನ್ ಕಂಪನಿಯ ತ್ಯಾಡಿಯಸ್ ಮೆಕ್‌ಹ್ಯೂ ಪೇಟೆಂಟ್ ಪಡೆದಿದ್ದರು. ಈಗ ಸಿಗುವ ಎರಡು ದಿಕ್ಕಿನ ಸರಳಿನಲ್ಲಿ ಜೋಡಿ ಉಕ್ಕಿನ ಕಡ್ಡಿಗಳಿದ್ದು, ತುದಿಯ ತಿರುಪನ್ನು ಬಲಕ್ಕೆ ತಿರುಗಿಸಿದರೆ ಕತ್ತು ಹಿಂದಕ್ಕೂ ಎಡಕ್ಕೆ ತಿರುಗಿಸಿದರೆ ಮುಂದಕ್ಕೂ ಬಾಗುತ್ತದೆ. ಇದಕ್ಕಾಗಿ ಕತ್ತಿನ ನಟ್ಟನಡುವೆ 6 ಮಿ.ಮೀ. ಅಗಲದ ಕಾಲುವೆಯೊಂದನ್ನು ತೋಡಬೇಕು. ಸರಳು ಅದರಲ್ಲಿ ಬಿಗಿಯಾಗಿ ಕೂರಬೇಕು. ಸಡಿಲವಿದ್ದರೆ ತಂತಿ ನುಡಿದಾಗಲೆಲ್ಲ ಒಳಗಿನಿಂದ ಗಿಜಿಗುಟ್ಟುವ ಸದ್ದು ಬರುತ್ತದೆ. ಸರಳಿನ ಎರಡೂ ಪಕ್ಕಕ್ಕೆ ಕಾರ್ಬನ್ ಫೈಬರಿನ ತೆಳುವಾದ ಪಟ್ಟಿಗಳನ್ನು ಎಪಾಕ್ಸಿ ಹಾಕಿ ಕೂರಿಸಿದೆ. ಅದರ ಕಾರಣವನ್ನು ಬರಹದ ಕೊನೆಯಲ್ಲಿ ಹೇಳುತ್ತೇನೆ.

ಇನ್ನು ಮೆಟ್ಟಿಲುಗಳ ಲೆಕ್ಕ. ಒಂದು ಸ್ಥಾಯಿಯನ್ನು ಹನ್ನೆರಡು ಸಮಾನ ಭಾಗ ಮಾಡಿದಾಗ ಪ್ರತಿ ಮೆಟ್ಟಿಲಿಗೂ ಕಂಪನಾಂಕ 1.05946 ಪಟ್ಟು ಏರುತ್ತದೆ. ಇದನ್ನೇ ಉದ್ದಕ್ಕೆ ಅನ್ವಯಿಸಿದರೆ, ಉಳಿದಿರುವ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದಷ್ಟು ದೂರದಲ್ಲಿ ಮುಂದಿನ ಮೆಟ್ಟಿಲು ಬರುತ್ತದೆ. 34 ಇಂಚು ಎಂದರೆ 863.6 ಮಿ.ಮೀ. ಮೊದಲನೆಯ ಫ್ರೆಟ್ಟು ನಟ್ಟಿನಿಂದ 48.47 ಮಿ.ಮೀ. ದೂರ, ಐದನೆಯದು 216.6, ಹನ್ನೆರಡನೆಯದು ಸರಿಯಾಗಿ ಅರ್ಧ, ಅಂದರೆ 431.8, ಇಪ್ಪತ್ತನೆಯದು 591.6. ಗೆಲಿಲಿಯೋನ ತಂದೆ, ಸ್ವತಃ ಲ್ಯೂಟ್ ಎಂಬ ತಂತಿವಾದ್ಯದ ವಾದಕನಾಗಿದ್ದ ವಿನ್ಸೆಂಜೊ ಗೆಲಿಲಿ ಹದಿನಾರನೆಯ ಶತಮಾನದಲ್ಲೇ 18ರಿಂದ ಭಾಗಿಸುವ ಸುಲಭದ ನಿಯಮವೊಂದನ್ನು ಹೇಳಿದ್ದ, ವಾದ್ಯ ಮಾಡುವವರು ಬಹುಕಾಲ ಅದನ್ನೇ ಅನುಸರಿಸಿದರು. ನಮ್ಮ 34 ಇಂಚಿನ ಉದ್ದಕ್ಕೆ ಆ ನಿಯಮ ಹಾಕಿದರೆ ಹನ್ನೆರಡನೆಯ ಮೆಟ್ಟಿಲು 3 ಮಿ.ಮೀ.ಗೂ ಹೆಚ್ಚು ನಟ್ಟಿನ ಕಡೆಗೆ ಸರಿಯುತ್ತದೆ. ತಂತಿಯನ್ನು ಒತ್ತಿದಾಗ ಅದು ಹಿಗ್ಗಿ ಸ್ವರ ತುಸು ಏರುವುದರಿಂದ ಆ ಕೊರತೆ ಅವರ ಕಿವಿಗೆ ಅಷ್ಟಾಗಿ ತಟ್ಟಿರಲಾರದು. ಇವತ್ತು ಆ ಏರಿಕೆಯನ್ನು ಸರಿಪಡಿಸುವ ಕೆಲಸವನ್ನು ಬ್ರಿಜ್‌ಗೆ ಬಿಟ್ಟು, ಮೆಟ್ಟಿಲುಗಳನ್ನು ಶುದ್ಧ ಗಣಿತದ ಪ್ರಕಾರವೇ ಕೂರಿಸುತ್ತೇವೆ.

ಗುರುತು ಹಾಕುವಾಗ ಒಂದು ಫ್ರೆಟ್ಟಿನಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋಗಬಾರದು. ಪ್ರತಿಯೊಂದನ್ನೂ ನಟ್ಟಿನ ಅಂಚಿನಿಂದಲೇ ಅಳೆಯಬೇಕು, ಇಲ್ಲವಾದರೆ ಕೂದಲೆಳೆಯಷ್ಟಿನ ವ್ಯತ್ಯಾಸಗಳು ಕೂಡಿ ಕೂಡಿ ಇಪ್ಪತ್ತನೆಯ ಮೆಟ್ಟಿಲಿನ ಹೊತ್ತಿಗೆ ಕಿವಿಗೆ ಕೇಳುವಷ್ಟಾಗುತ್ತವೆ. ಪೆನ್ಸಿಲ್ ಗೆರೆಗೆ ದಪ್ಪವಿದೆ; ಚಾಕುವಿನ ಮೊನೆಯಿಂದ ಗೀರಿದ ಗೆರೆಗೆ ಅದಿಲ್ಲ, ಜೊತೆಗೆ ಗರಗಸದ ಹಲ್ಲು ಆ ಗೀರಿನಲ್ಲಿ ತಾನಾಗಿಯೇ ಕೂರುತ್ತದೆ. ಬೀಟೆಯ ಪಟ್ಟಿಯ ಎರಡೂ ಅಂಚುಗಳು ಇನ್ನೂ ಸಮಾನಾಂತರವಾಗಿರುವಾಗಲೇ, ಅಂದರೆ ಅದನ್ನು ಕತ್ತಿನ ಆಕಾರಕ್ಕೆ ಕಿರಿದುಗೊಳಿಸುವ ಮೊದಲೇ, ಎಲ್ಲ ಸೀಳುಗಳನ್ನು ಹಾಕಿ ಮುಗಿಸಬೇಕು. ಆಗ ಮೂಲೆಮಟ್ಟ ಯಾವ ಅಂಚಿಗೆ ಇಟ್ಟರೂ ಸುಳ್ಳು ಹೇಳುವುದಿಲ್ಲ.

ಈ ಕೆಲಸದ ಗರಗಸ ಬೇರೆಯೇ. ಅದರ ಅಲಗು ಕೊರೆಯುವ ಸೀಳು 0.6 ಮಿ.ಮೀ. ಅಗಲ ಮಾತ್ರ, ಫ್ರೆಟ್ಟಿನ ಕೆಳಗಿರುವ ಮುಳ್ಳುಗಳುಳ್ಳ ನಾಲಿಗೆ ಆ ಸೀಳಿನಲ್ಲಿ ಕಚ್ಚಿ ನಿಲ್ಲಬೇಕು. ಮೇಲ್ಮೈಗೆ ಲಂಬವಾಗಿ ಕೆತ್ತಿದ ಮರದ ದಿಮ್ಮಿಯೊಂದನ್ನು ಪಟ್ಟಿಗೆ ಬಿಗಿದು, ಅದರಲ್ಲಿ ಅಡಗಿಸಿದ ಸಣ್ಣ ಅಯಸ್ಕಾಂತಕ್ಕೆ ಅಲಗನ್ನು ಅಂಟಿಸಿಟ್ಟು ಎಳೆದರೆ ಗರಗಸ ಓರೆಯಾಗುವುದಿಲ್ಲ. ಮೊದಲ ಕೆಲವು ಎಳೆತಗಳಿಗೆ ಬಲವೇ ಬೇಡ, ಗರಗಸದ ತೂಕವೇ ಸಾಕು. ನಸು ನೇರಳೆ ಬಣ್ಣದ ನುಣ್ಣನೆಯ ಪುಡಿ ಸೀಳಿನ ಬಾಯಲ್ಲಿ ಸಾಲಾಗಿ ಕೂಡುತ್ತದೆ, ಬೀಟೆಯ ಸಿಹಿಯಾದ ಪರಿಮಳ ಮುಖಗವಸಿನ ಒಳಕ್ಕೂ ಬರುತ್ತದೆ. ಅಲಗಿಗೆ ಅಂಟಿಸಿದ ಆಳದ ಗುರುತು ಮರಕ್ಕೆ ತಾಗಿದಾಗ ಎಳೆತದ ಸದ್ದು ಬದಲಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಪುಡಿಯನ್ನು ಊದದೆ ಬ್ರಷ್ಷಿನಿಂದ ಕೆರೆದು ತೆಗೆದು, ಮುಂದಿನ ಗೀರಿಗೆ ಹೋಗಬೇಕು.

ವೀಣೆಯನ್ನು ಬಲ್ಲವರಿಗೆ ಇಲ್ಲಿ ಒಂದು ಮುಖ್ಯವಾದ ವ್ಯತ್ಯಾಸ ಹೊಳೆಯುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುವ ಕುಶಲಿಗಳಿದ್ದಾರೆ. ವೀಣೆಯ 24 ಮೆಟ್ಟಿಲುಗಳು ಕೂರುವುದು ಇದ್ದಿಲ ಪುಡಿ ಬೆರೆಸಿದ ಜೇನುಮೇಣದ ಮೇಲೆ. ಮೇಳ ಕಟ್ಟುವವರು ಒಂದೊಂದು ಮೆಟ್ಟಿಲನ್ನೂ ಕಿವಿಯಿಂದ ಕೇಳಿ, ಆ ತಂತಿಗೆ, ಆ ದಂಡಿಗೆ, ಆ ಎತ್ತರಕ್ಕೆ ತಕ್ಕಂತೆ ಸರಿಸಿ ನಿಲ್ಲಿಸುತ್ತಾರೆ. ಮೇಣ ಹಳತಾದರೆ ಮೇಳವನ್ನು ಮತ್ತೆ ಕಟ್ಟಬಹುದು. ತಂತಿಯನ್ನು ಒತ್ತಿದಾಗ ಸ್ವರ ಏರುವ ತೊಂದರೆಯನ್ನು ಅವರು ಮೆಟ್ಟಿಲಿನಲ್ಲೇ, ಅದು ಹುಟ್ಟುವ ಜಾಗದಲ್ಲೇ ಪರಿಹರಿಸುತ್ತಾರೆ. ಗಿಟಾರಿನ ಮೆಟ್ಟಿಲನ್ನು ಒಮ್ಮೆ ಬಡಿದರೆ ಮುಗಿಯಿತು, ಅದು ಅಲ್ಲೇ ಇರುತ್ತದೆ. ಕಿವಿಗೆ ಇರುವ ಆ ಅಧಿಕಾರ ಗಿಟಾರು ಮಾಡುವವನಿಗೆ ಇಲ್ಲ. ಅವನಿಗೆ ಇರುವುದು ಅಳತೆ ಮಾತ್ರ, ಆದ್ದರಿಂದಲೇ ಅಳತೆಯ ಮೇಲೆ ಇಷ್ಟೊಂದು ಶ್ರದ್ಧೆ ಬೇಕು. ಮೇಳ ಕಟ್ಟುವ ವಿದ್ಯೆಯನ್ನು ನೋಡಿದ ಮೇಲೆ ನನ್ನ ಕೆಲಸದ ಬಗ್ಗೆ ಗೌರವ ಕಡಿಮೆಯಾಗಲಿಲ್ಲ, ಅವರ ಕೆಲಸದ ಬಗ್ಗೆ ಮಾತ್ರ ಬಹಳ ಹೆಚ್ಚಾಯಿತು.

ಬೆರಳುಪಟ್ಟಿಯ ಮೇಲ್ಮೈ ಚಪ್ಪಟೆಯಲ್ಲ, ಅಡ್ಡಡ್ಡಲಾಗಿ ಸಣ್ಣ ಉಬ್ಬು ಇರುತ್ತದೆ. ಹಳೆಯ ಫೆಂಡರುಗಳಲ್ಲಿ ಆ ಉಬ್ಬು 7.25 ಇಂಚು ತ್ರಿಜ್ಯದ ವೃತ್ತದ ಭಾಗ. ನಾನು 12 ಇಂಚನ್ನು ಆರಿಸಿಕೊಂಡೆ, ಉಬ್ಬು ಕಡಿಮೆಯಿದ್ದಷ್ಟೂ ತಂತಿಗಳನ್ನು ತಗ್ಗಿಸಿ ಇಡಬಹುದು. ಒಳಮುಖ ಅದೇ ತ್ರಿಜ್ಯಕ್ಕೆ ಕೊರೆದಿರುವ ಮರದ ದಿಮ್ಮಿಗೆ ಉಪ್ಪುಕಾಗದ ಅಂಟಿಸಿ, ಉದ್ದಕ್ಕೂ ಒಂದೇ ಒತ್ತಡದಲ್ಲಿ ಉಜ್ಜಿದರೆ ಆ ಆಕಾರ ಬರುತ್ತದೆ. ಗುರುತಿನ ಚುಕ್ಕೆಗಳನ್ನು ಮೈಸೂರಿನ ಬೀಟೆ ಕೆತ್ತನೆಯ ಕಸುಬಿನವರು ಅನುಸರಿಸುವ ಕ್ರಮದಲ್ಲೇ ಕೂರಿಸಿದೆ. ಭೌಗೋಳಿಕ ಗುರುತು ಪಡೆದಿರುವ ಆ ಕಲೆಯಲ್ಲಿ ತುಂಡನ್ನು ಮೊದಲು ಕತ್ತರಿಸಿಕೊಂಡು, ಅದರ ಅಂಚನ್ನೇ ಅನುಸರಿಸಿ ಬೀಟೆಯನ್ನು ಕೆತ್ತಿ, ಬಿಗಿಯಾಗಿ ಕೂರಿಸಿ, ಎರಡನ್ನೂ ಒಟ್ಟಿಗೆ ಉಜ್ಜುತ್ತಾರೆ. ಬಿಳಿ ಹಾಲೆ ಮರದ ಸಣ್ಣ ವೃತ್ತಗಳು ಕಪ್ಪು ಬೀಟೆಯ ನಡುವೆ ಚೆನ್ನಾಗಿ ಎದ್ದು ಕಾಣುತ್ತವೆ.

ಫ್ರೆಟ್ಟಿನ ತಂತಿ ಬರುವುದು ಸುರುಳಿಯಾಗಿ. ಹೆಸರು ನಿಕ್ಕಲ್ ಸಿಲ್ವರ್ ಎಂದಿದ್ದರೂ ಅದರಲ್ಲಿ ಬೆಳ್ಳಿ ಇಲ್ಲ, ಇರುವುದು ತಾಮ್ರ, ಸತು ಮತ್ತು ನಿಕ್ಕಲ್. ಪಟ್ಟಿಯ ಉಬ್ಬಿಗಿಂತ ತುಸು ಹೆಚ್ಚು ಬಾಗಿಸಿಕೊಂಡು, ಮೊದಲು ಎರಡು ತುದಿಗಳನ್ನು ಬಡಿದು, ಆಮೇಲೆ ನಡುವಿಗೆ ಬರಬೇಕು. ಹಿತ್ತಾಳೆ ತಲೆಯ ಸುತ್ತಿಗೆಯಾದರೆ ಫ್ರೆಟ್ಟಿಗೆ ಗಾಯವಾಗುವುದಿಲ್ಲ. ಅದು ಪೂರ್ತಿ ಕೂರುವ ತನಕ ಪೆಟ್ಟಿನ ಸದ್ದು ಟೊಳ್ಳಾಗಿರುತ್ತದೆ. ಕೂತ ಕ್ಷಣವೇ ಗಟ್ಟಿಯಾದ, ಮೋಟಾದ ಸದ್ದು ಬರುತ್ತದೆ, ಆ ಮೇಲೆ ಇನ್ನೊಂದು ಪೆಟ್ಟು ಬೇಡ. ಎಲ್ಲ ಮೆಟ್ಟಿಲುಗಳೂ ಕೂತ ಮೇಲೆ ಅವುಗಳ ತಲೆಗೆ ಮಾರ್ಕರ್ ಶಾಯಿ ಬಳಿದು, ನಿಖರವಾಗಿ ಚಪ್ಪಟೆಯಾದ ಲೋಹದ ತೊಲೆಗೆ ನಯವಾದ ಉಪ್ಪುಕಾಗದ ಅಂಟಿಸಿ ಉದ್ದಕ್ಕೂ ಎಳೆದರೆ, ಎತ್ತರವಿರುವ ಕಡೆ ಶಾಯಿ ಅಳಿಸಿ ತಗ್ಗಿರುವ ಕಡೆ ಉಳಿಯುತ್ತದೆ. ಇಪ್ಪತ್ತರಲ್ಲೂ ಶಾಯಿ ಒಂದೇ ಸಮನಾಗಿ ಅಳಿಸುವವರೆಗೆ ಉಜ್ಜಿ, ಚಪ್ಪಟೆಯಾದ ತಲೆಗಳನ್ನು ಒಳಬಾಗಿದ ಅರದಿಂದ ಮತ್ತೆ ದುಂಡಗೆ ಮಾಡಬೇಕು.

ಕತ್ತಿನ ಬೆನ್ನನ್ನು ಕೆತ್ತುವುದು ಯಂತ್ರವಿಲ್ಲದೆ ಮಾಡಬೇಕಾದ ಕೆಲಸ ಎಂದೇ ನಾನು ನಂಬಿದ್ದೇನೆ. ಮೊದಲನೆಯ ಫ್ರೆಟ್ಟಿನ ಬಳಿ 21 ಮಿ.ಮೀ., ಹನ್ನೆರಡನೆಯದರ ಬಳಿ 24 ಮಿ.ಮೀ. ದಪ್ಪ ಎಂದು ನಿಶ್ಚಯಿಸಿಕೊಂಡು, ಆ ಎರಡು ಕಡೆ ಮಾತ್ರ ಮೊದಲು ಪೂರ್ತಿ ಆಕಾರ ಕೊಟ್ಟು, ನಡುವಿನ ಮರವನ್ನು ಅವುಗಳಿಗೆ ಹೊಂದುವಂತೆ ಇಳಿಸುತ್ತಾ ಹೋಗಬೇಕು. ಚೌಕದ ಮೂಲೆಗಳನ್ನು ಓರೆಯಾಗಿ ತೆಗೆದರೆ ಹೊಸ ಮೂಲೆಗಳು ಹುಟ್ಟುತ್ತವೆ, ಅವನ್ನೂ ತೆಗೆದರೆ ಇನ್ನೂ ಸಣ್ಣ ಮೂಲೆಗಳು. ಹೀಗೆ ಸಾಗಿ ಅವು ಕಣ್ಣಿಗೆ ಕಾಣದಷ್ಟಾದಾಗ ದುಂಡು ಆಕಾರ ಸಿದ್ಧವಾಗಿರುತ್ತದೆ. ಹಲ್ಲುಗಳಿರುವ ಅರ ಒರಟು ಕೆಲಸಕ್ಕೆ, ಎರಡು ಹಿಡಿಯ ಸಣ್ಣ ಹತ್ತರಿ ನಯಕ್ಕೆ. ಕೊಠಡಿಯ ದೀಪ ಆರಿಸಿ ಪಕ್ಕದಿಂದ ಒಂದೇ ಬೆಳಕು ಬೀಳುವಂತೆ ಮಾಡಿದರೆ ಉಬ್ಬುತಗ್ಗುಗಳ ನೆರಳು ಕಾಣುತ್ತದೆ. ಕಣ್ಣು ಒಪ್ಪಿದ್ದನ್ನೂ ಹೆಬ್ಬೆರಳು ಒಪ್ಪುವುದಿಲ್ಲ. ಕಣ್ಣು ಮುಚ್ಚಿ ನಟ್ಟಿನಿಂದ ಒಡಲಿನವರೆಗೆ ಹೆಬ್ಬೆರಳನ್ನು ಜಾರಿಸಿದಾಗ ತೊಡಕಿದ ಕಡೆ ಪೆನ್ಸಿಲಿನಿಂದ ಗುರುತಿಟ್ಟು, ಅಲ್ಲಿ ಮಾತ್ರ ಎರಡು ಎಳೆ ಕೆರೆದು, ಮತ್ತೆ ಜಾರಿಸಬೇಕು. ನಟ್ಟಿನ ಬಳಿ ಅಗಲ 38 ಮಿ.ಮೀ. ಇಟ್ಟೆ. 1960ರಲ್ಲಿ ಬಂದ ಫೆಂಡರ್ ಕಂಪನಿಯ ಜಾಝ್ ಬೇಸ್‌ನ ಅಳತೆ ಅದು, ನನ್ನ ಸಣ್ಣ ಅಂಗೈಗೆ ಹಿತವಾಗಿದೆ.

ಒಡಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಿವನೆ ಮರವನ್ನು ಬಳಸಿದೆ. ಅದು ಹಗುರ, ಸ್ಥಿರ, ಉಳಿಗೆ ಮೃದು, ತೂಕದಲ್ಲಿ ಆಲ್ಡರ್‌ಗೆ ಬಹಳ ಹತ್ತಿರ. ಮುಖ್ಯವಾದದ್ದು ಸಮತೋಲನ. ಬೇಸ್‌ನ ಕತ್ತು ಉದ್ದ, ಬಿರಡೆಗಳು ಭಾರ, ಒಡಲು ತೀರಾ ಹಗುರವಾದರೆ ಹೆಗಲಿಗೆ ಪಟ್ಟಿ ಹಾಕಿ ನಿಂತಾಗ ತಲೆ ನೆಲದ ಕಡೆಗೆ ಇಳಿಯುತ್ತದೆ, ಎಡಗೈ ನುಡಿಸುವುದನ್ನು ಬಿಟ್ಟು ಕತ್ತನ್ನು ಹೊರುವ ಕೆಲಸಕ್ಕೆ ನಿಲ್ಲುತ್ತದೆ. ಒಡಲಿನ ಮೇಲಿನ ಕೊಂಬಿನ ತುದಿ ಹನ್ನೆರಡನೆಯ ಫ್ರೆಟ್ಟಿನ ನೇರಕ್ಕೆ ಬರುವಂತೆ ನಕ್ಷೆ ಬರೆದುಕೊಂಡರೆ ಈ ತೊಂದರೆ ಬಹುಪಾಲು ನೀಗುತ್ತದೆ. ಕತ್ತು ಕೂರುವ ಗೂಡು ಬಿಗಿಯಾಗಿರಬೇಕು, ಸ್ಕ್ರೂ ಹಾಕುವ ಮೊದಲೇ ವಾದ್ಯವನ್ನು ಕತ್ತು ಹಿಡಿದು ಎತ್ತಿದರೆ ಒಡಲು ಜೊತೆಗೆ ಬರುವಷ್ಟು.

ಪಿಕಪ್ಪನ್ನು ಕೊಳ್ಳಬಹುದು, ಆದರೆ ಸುತ್ತಿಕೊಳ್ಳುವುದು ಕಷ್ಟವೇನಲ್ಲ. ಕಂಪಿಸುವ ಉಕ್ಕಿನ ತಂತಿ ಅಯಸ್ಕಾಂತದ ಕ್ಷೇತ್ರವನ್ನು ಕದಲಿಸಿದಾಗ ಸುತ್ತಲಿನ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಅಷ್ಟೇ ಅದರ ತತ್ವ. 1957ರಲ್ಲಿ ಪ್ರಿಸಿಷನ್ ಬೇಸ್‌ಗೆ ಬಂದ ಇಬ್ಭಾಗದ ಪಿಕಪ್ಪಿನಲ್ಲಿ ಎರಡೆರಡು ತಂತಿಗಳಿಗೆ ಒಂದೊಂದು ಸುರುಳಿ. ಎರಡರ ಸುತ್ತೂ ಧ್ರುವವೂ ಪರಸ್ಪರ ವಿರುದ್ಧವಾಗಿರುವುದರಿಂದ ಮನೆಯ ವೈರಿಂಗಿನಿಂದ ನುಗ್ಗುವ ಗುಂಯ್‌ಗುಡುವಿಕೆ ಪರಸ್ಪರ ಕಳೆದುಹೋಗಿ ತಂತಿಯ ನಾದ ಮಾತ್ರ ಉಳಿಯುತ್ತದೆ. 42ನೇ ಗೇಜಿನ ಎನಾಮಲ್ ತಾಮ್ರದ ತಂತಿ ಬರಿಗಣ್ಣಿಗೆ ಕೂದಲಿನಂತೆ ಕಾಣುತ್ತದೆ, ಅದರ ವ್ಯಾಸ 0.063 ಮಿ.ಮೀ. ಒಂದೊಂದು ಸುರುಳಿಗೂ ಹತ್ತಿರ ಹತ್ತಿರ 10,000 ಸುತ್ತು. ಹೊಲಿಗೆ ಯಂತ್ರದ ಮೋಟಾರಿಗೆ ಬಾಬಿನ್ನನ್ನು ಕಟ್ಟಿ, ತಂತಿಯನ್ನು ಎರಡು ಬೆರಳ ನಡುವೆ ಫೆಲ್ಟ್ ಬಟ್ಟೆಯಲ್ಲಿ ಹಿಡಿದು, ತುಂಡಾಗದಷ್ಟು ಸಡಿಲವಾಗಿ ಮತ್ತು ಅಲುಗದಷ್ಟು ಬಿಗಿಯಾಗಿ ಬಿಡುತ್ತಾ ಹೋಗಬೇಕು. ಮುಗಿದ ಮೇಲೆ ಬಿಸಿ ಮೇಣದಲ್ಲಿ ಅದ್ದಿದರೆ ಒಳಗಿನ ಸುತ್ತುಗಳು ಕದಲುವುದಿಲ್ಲ. ಸದ್ದು ಮತ್ತು ನಾದವನ್ನು ಹೊಂದಿಸುವ ಎರಡು 250 ಕಿಲೋ ಓಮ್ ಪಾಟುಗಳು (ತಿರುಗುಗುಂಡಿಗಳು), ಒಂದು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಒಂದು ಜ್ಯಾಕ್: ವಿದ್ಯುತ್ ಭಾಗ ಇಷ್ಟರಲ್ಲಿ ಮುಗಿಯುತ್ತದೆ.

ಮೆರುಗಿಗೆ ಅರಗನ್ನು ಬಳಸಿದೆ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಹಳದಿ ಪದರುಗಳನ್ನು ಬಟ್ಟೆಯ ಉಂಡೆಯಿಂದ ತೆಳ್ಳಗೆ ಹಚ್ಚುವುದು ನಮ್ಮ ಬಡಗಿಗಳಿಗೆ ಹೊಸದಲ್ಲ. ಮಳೆಗಾಲದಲ್ಲಿ ಮಾತ್ರ ಈ ಕೆಲಸ ಬೇಡ, ಗಾಳಿಯ ತೇವ ಸೇರಿಕೊಂಡು ಮೆರುಗು ಬೆಳ್ಳಗೆ ಮಸುಕಾಗುತ್ತದೆ. ಕತ್ತಿನ ಬೆನ್ನಿಗೆ ಅರಗೂ ಬೇಡ, ಎಣ್ಣೆಯ ತೆಳುವಾದ ಲೇಪ ಸಾಕು, ಅಂಗೈ ಜಾರುವಾಗ ಮರವೇ ತಾಗಬೇಕು.

ತಂತಿ ಹಾಕಿ ಶ್ರುತಿ ಮಾಡಿದ ದಿನವೇ ವಾದ್ಯವನ್ನು ಅಂತಿಮವಾಗಿ ಹೊಂದಿಸಲು ಹೋಗಬಾರದು. ಕತ್ತು ಹೊಸ ಎಳೆತಕ್ಕೆ ಒಗ್ಗಿಕೊಳ್ಳಲು ಕೆಲವು ದಿನ ಬೇಕು. ಆಮೇಲೆ ಮೊದಲ ಮತ್ತು ಕೊನೆಯ ಫ್ರೆಟ್ಟುಗಳಲ್ಲಿ ತಂತಿಯನ್ನು ಒತ್ತಿ ಹಿಡಿದು, ಏಳೆಂಟನೆಯ ಫ್ರೆಟ್ಟಿನ ಬಳಿ ತಂತಿಯ ಕೆಳಗೆ ಸುಮಾರು 0.3 ಮಿ.ಮೀ. ಸಂದು ಉಳಿಯುವಂತೆ ಟ್ರಸ್ ರಾಡನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಬೇಕು. ಕಂಪಿಸುವ ತಂತಿಗೆ ನಡುವೆ ಹೆಚ್ಚು ಜಾಗ ಬೇಕಾದ್ದರಿಂದ ಕತ್ತು ಪೂರ್ತಿ ನೇರವಾಗಿ ಇರಬಾರದು. ಕೊನೆಗೆ ಬ್ರಿಜ್‌ನ ಮೇಲೆ ಒಂದೊಂದು ತಂತಿಯನ್ನೂ ಹೊರುವ ಕುದುರೆಗಳನ್ನು ಒಂದೊಂದಾಗಿ ಹಿಂದೆ ಮುಂದೆ ಸರಿಸಿ, ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿದ ಸ್ವರವೂ ಅಲ್ಲೇ ತಂತಿಯನ್ನು ಬರೀ ತಾಗಿ ನುಡಿಸಿದ ಸ್ವರವೂ ಒಂದಾಗುವಂತೆ ನೋಡಬೇಕು. ದಪ್ಪ ತಂತಿಗೆ ಹೆಚ್ಚು ಉದ್ದ ಬೇಕಾಗುವುದರಿಂದ ಕುದುರೆಗಳು ಓರೆಯಾದ ಸಾಲಿನಲ್ಲಿ ನಿಲ್ಲುತ್ತವೆ.

ಕಾರ್ಬನ್ ಪಟ್ಟಿಗಳ ಕಾರಣವನ್ನು ಹೇಳುತ್ತೇನೆಂದಿದ್ದೆ. ಫೆಂಡರ್ ಮಾದರಿಯ ಬಹುತೇಕ ಬೇಸ್‌ಗಳಲ್ಲಿ ಅತಿ ಸಣ್ಣ ತಂತಿಯ ಐದರಿಂದ ಏಳನೆಯ ಫ್ರೆಟ್ಟುಗಳ ನಡುವೆ ಎಲ್ಲಾದರೂ ಒಂದು ಸ್ವರ ಬೇಗನೆ ಸತ್ತುಹೋಗುತ್ತದೆ. 130ರಿಂದ 150 ಹರ್ಟ್ಸ್‌ಗಳ ನಡುವಿನ ಆ ಸ್ವರದ ಕಂಪನಾಂಕಕ್ಕೆ ಕತ್ತಿನ ಸ್ವಂತ ಕಂಪನಾಂಕ ಹೊಂದಿಬಿಟ್ಟರೆ, ತಂತಿಯ ಶಕ್ತಿಯನ್ನು ಕತ್ತು ಹೀರಿಕೊಂಡು ತಾನೇ ಅಲುಗಾಡುತ್ತದೆ. ಜರ್ಮನಿಯ ಧ್ವನಿವಿಜ್ಞಾನಿ ಹೆಲ್ಮುಟ್ ಫ್ಲೈಶರ್ ಇದನ್ನು ವಾದ್ಯಗಳ ಮೇಲೆ ಅಳೆದು ತೋರಿಸಿದ್ದಾರೆ. ಕತ್ತನ್ನು ಬಿಗಿಗೊಳಿಸಿದರೆ ಆ ಜಾಗ ಇಲ್ಲವಾಗುವುದಿಲ್ಲ, ಮೇಲಿನ ಮೆಟ್ಟಿಲುಗಳ ಕಡೆಗೆ ಸರಿಯುತ್ತದೆ. ತಲೆಭಾಗಕ್ಕೆ ತೂಕ ಸೇರಿಸಿದರೆ ಕೆಳಗೆ ಸರಿಯುತ್ತದೆ. ತೇಗ, ಬೀಟೆ ಮತ್ತು ಕಾರ್ಬನ್ ಸೇರಿದ ನನ್ನ ಕತ್ತಿನಲ್ಲಿ ಅದು ಒಂಬತ್ತನೆಯ ಫ್ರೆಟ್ಟಿನ ಹತ್ತಿರ ಬಂದು ನಿಂತಿದೆ, ಅಲ್ಲಿಯೂ ಸ್ವರ ಕುಂದುವುದೇ ಹೊರತು ಸಾಯುವುದಿಲ್ಲ. ಅದೇ ಸ್ವರವನ್ನು ಪಕ್ಕದ ತಂತಿಯಲ್ಲಿ ಹದಿನಾಲ್ಕನೆಯ ಫ್ರೆಟ್ಟಿನಲ್ಲಿ ಹಿಡಿದರೆ ಪೂರ್ತಿಯಾಗಿ ನಿಲ್ಲುತ್ತದೆ. ಮುಂದಿನ ಕತ್ತಿಗೆ ಇದೇ ಜಂತೆಯ ಉಳಿದ ತುಂಡನ್ನು ತೆಗೆದಿರಿಸಿದ್ದೇನೆ, ಅದರಲ್ಲಿ ಕಾರ್ಬನ್ ಬಿಟ್ಟು ಬೀಟೆಯ ಪಟ್ಟಿಗಳನ್ನೇ ದಪ್ಪ ಮಾಡಿ, ಆ ಜಾಗ ಎಲ್ಲಿಗೆ ಸರಿಯುತ್ತದೆಂದು ನೋಡಬೇಕೆಂದಿದ್ದೇನೆ.